ಬೀಗ ಬೇಕೆಂದು ಬಂದವನಿಗೆ ನೀವು ಹೇಳಿದ ಅಭಿನಂದನೆ

ಮಾನ್ಯ ಪರವಾನಗಿ ಅಧಿಕಾರಿಗಳೇ,

ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರ ಮೇಲೆ ನೀವು ಬಲವಂತವಾಗಿ ಹೇರುವ ಯಂತ್ರವನ್ನು ನನ್ನ ಗಂಡ ಡೆನ್ಜಿಲ್ ತಾನಾಗಿಯೇ ಬಂದು ಬೇಡಿದ. ನೀವು ಕೊಡಲಿಲ್ಲ, ಇದ್ದದ್ದನ್ನೂ ಕಿತ್ತುಕೊಂಡಿರಿ. ಈಗ ಬ್ರಿಯೋನಿ ಹಾಕಿಂಗ್ ಎಂಬ ಹೆಣ್ಣುಮಗಳು ಮಣ್ಣಿನಡಿ ಇದ್ದಾಳೆ, ಡೆನ್ಜಿಲ್ ಜೈಲಿನಲ್ಲಿದ್ದಾನೆ. ನನ್ನ ದೂರು ಇಷ್ಟೇ. ಉಳಿದದ್ದು ವಿವರ. ವಿವರ ಕೇಳುವ ವ್ಯವಧಾನ ನಿಮ್ಮ ಕಚೇರಿಗಿಲ್ಲವೆಂದು ಗೊತ್ತಿರುವುದರಿಂದ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನಿಮ್ಮ ಕಾಗದಗಳಲ್ಲಿ ಆ ಯಂತ್ರಕ್ಕೆ ಬಾಯಿ ತುಂಬುವಷ್ಟು ದೊಡ್ಡ ಹೆಸರಿದೆ. ಪೋರ್ಟ್ ಕಾರ್ವೆನ್‌ನಲ್ಲಿ ನಾವು ಅದನ್ನು ಬೀಗ ಎನ್ನುತ್ತೇವೆ. ಕಾರು ಹೊರಡಿಸುವ ಮೊದಲು ನಳಿಕೆಗೆ ಬಾಯಿಟ್ಟು ಊದಬೇಕು. ಉಸಿರಿನಲ್ಲಿ ಮದ್ಯದ ಸುಳಿವಿದ್ದರೆ ಜಪ್ಪಯ್ಯ ಎಂದರೂ ಎಂಜಿನ್ ಸ್ಟಾರ್ಟ್ ಆಗದು. ಡೆನ್ಜಿಲ್ ಬಾರ್ಲಿ ಹೊಲಗಳಲ್ಲಿ ಪಂಪು ರಿಪೇರಿ ಮಾಡುವವನು. ಫುಟ್‌ಬಾಲ್ ಕ್ಲಬ್ಬಿನ ಪಾರ್ಟಿ ಮುಗಿಸಿ ಹಾಡಹಗಲೇ ಗಾಡಿ ಓಡಿಸಿಕೊಂಡು ಬರುತ್ತ ಪೊಲೀಸರ ಕೈಗೆ ಸಿಕ್ಕ. ಲೈಸೆನ್ಸ್ ಹೋಯಿತು, ಕೆಲವು ತಿಂಗಳ ಮೇಲೆ ಬೀಗದ ಷರತ್ತಿನೊಂದಿಗೆ ಮರಳಿ ಬಂತು. ದಾರಿಯ ನಡುವೆಯೂ ಅದು ಆಗಾಗ ಕಿರುಚುತ್ತದೆ, ಗಾಡಿ ಬದಿಗೆ ಹಾಕಿ ಮತ್ತೆ ಊದಬೇಕು. ನಾನು ಕೆಲಸ ಮಾಡುವ ಬೇಕರಿಯ ಎದುರಿಗೇ ಒಮ್ಮೆ ಕಿರುಚಿತು. ಪಾಸ್ಟಿ ಎಂಬ ಬಿಸಿ ಮಾಂಸದ ಕಡುಬಿಗಾಗಿ ಸಾಲು ನಿಂತಿದ್ದವರಲ್ಲಿ ಒಬ್ಬ ಕೂಗಿದ: "ಏನ್ ಗುರು, ಕೊಳಲು ಕಲೀತಿದ್ದೀಯಾ? ಒಂದೊಳ್ಳೇ ಟ್ಯೂನ್ ಹಾಕಪ್ಪಾ!" ಸಾಲಿಗೆ ಸಾಲೇ ನಕ್ಕಿತು. ಡೆನ್ಜಿಲ್ ಯಾರ ಮುಖವನ್ನೂ ನೋಡದೆ ಹೊರಟುಹೋದ.

ಆದರೂ ಕುಡಿತ ನಿಂತಿರಲಿಲ್ಲ. ಒಂದು ಬೆಳಿಗ್ಗೆ ಮಗಳು ಟೆಗನ್‌ಳನ್ನು ಶಾಲೆಗೆ ಬಿಡಲು ಹೊರಟಾಗ ಬೀಗ ಅವನ ಉಸಿರನ್ನು ಒಪ್ಪಲಿಲ್ಲ. ಹಿಂದಿನ ಸಂಜೆಯದು ಇನ್ನೂ ಮೈಯಲ್ಲಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ.

"ಅಪ್ಪಾ, ಇನ್ನೊಂದ್ಸಲ ಊದು. ಜೋರಾಗಿ."

"ಜೋರಾಗಿ ಊದಿದ್ರೂ ಆಗಲ್ಲ ಪುಟ್ಟಿ."

"ಹಾಗಾದ್ರೆ ನಾನು ಊದ್ಲಾ?"

ಅವನು ಸ್ಟಿಯರಿಂಗಿನ ಮೇಲೆ ತಲೆಯಿಟ್ಟ. ಆಮೇಲೆ ಮಗಳನ್ನು ನಡೆಸಿಕೊಂಡೇ ಶಾಲೆಗೆ ಬಿಟ್ಟು ಬಂದು, ಫ್ರಿಜ್ಜಿನಲ್ಲಿದ್ದ ಬಿಯರನ್ನೆಲ್ಲ ಸಿಂಕಿಗೆ ಸುರಿದ. ಅಂದಿನಿಂದ ಮುಟ್ಟಲಿಲ್ಲ. ನಾನು, ಅವನ ತಾಯಿ, ಪಾದ್ರಿ, ಡಾಕ್ಟರು ಎಲ್ಲ ಸೇರಿ ಮಾಡಲಾಗದ್ದನ್ನು ಅಂಗೈಯಗಲದ ಪೆಟ್ಟಿಗೆ ಮಾಡಿತು. ಆ ಶ್ರೇಯಸ್ಸು ನಿಮ್ಮದೇ. ನಾನು ಕೃತಘ್ನಳಲ್ಲ.

ಶಿಕ್ಷೆಯ ಅವಧಿ ಮುಗಿಯುತ್ತ ಬಂದರೆ ಬೇರೆಯವರು ಕುಣಿಯುತ್ತಾರೆ. ಡೆನ್ಜಿಲ್ ಹೆದರಿದ. "ನನ್ನ ಬುದ್ಧಿ ನಂಗೆ ಗೊತ್ತು ಕಣೇ ಲೋರ್ನಾ. ಅದು ಇದೆ ಅಂತ ಕುಡೀತಿಲ್ಲ, ಅಷ್ಟೇ. ತೆಗೆದ್ಮೇಲೆ ನಾನು ಏನಾಗ್ತೀನೋ." ಇಬ್ಬರೂ ನಿಮ್ಮ ಕೌಂಟರಿಗೆ ಬಂದೆವು. ನೆನಪಿಲ್ಲವೇ? ನನಗೆ ಅಕ್ಷರ ಅಕ್ಷರವೂ ನೆನಪಿದೆ.

"ನಿಮ್ಮ ಅವಧಿ ಮುಗೀತು ಸಾರ್, ಅಭಿನಂದನೆಗಳು!"

"ನಂಗೆ ಅದು ಇನ್ನೂ ಬೇಕು. ಗಾಡೀಲೇ ಇರ್ಲಿ."

"ಹಾಗೆ ಬರಲ್ಲ ಸಾರ್. ಕೋರ್ಟ್ ಆದೇಶ ಇರೋರಿಗೆ ಮಾತ್ರ. ಎಲ್ರೂ ತೆಗೀರಿ ಅಂತ ಜಗಳಕ್ಕೆ ಬರ್ತಾರೆ, ಇರ್ಲಿ ಅಂತ ಬಂದೋರು ನೀವೊಬ್ರೇ!"

"ಆದೇಶ ಸಿಗ್ಬೇಕು ಅಂದ್ರೆ ಏನ್ಮಾಡ್ಬೇಕು? ಮತ್ತೆ ಕುಡ್ದು ಓಡಿಸ್ಬೇಕಾ?"

ಕೌಂಟರಿನ ಹುಡುಗಿ ನಕ್ಕಳು, ತಮಾಷೆಯೆಂದುಕೊಂಡು. ಅವಳನ್ನು ದೂರುವುದಿಲ್ಲ, ಅವಳೆದುರಿನ ಪರದೆಯ ಮೇಲೆ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ. ಅವನು ನಿಮಗೂ ಬರೆದ. "ಕಾರ್ಯಕ್ರಮದ ವ್ಯಾಪ್ತಿಗೆ ಬರುವುದಿಲ್ಲ" ಎಂದಿರಿ. ಯಂತ್ರ ಕಳಚಲು ಕೂತ ಗ್ಯಾರೇಜಿನ ಕೆವರ್ನ್‌ನನ್ನೂ ಕೇಳಿದೆವು. "ಆದೇಶ ಇಲ್ದೆ ಕಂಪನಿಯೋರು ನಂಗೆ ಯಂತ್ರ ಕೊಡಲ್ಲ ಮಾರಾಯ. ಕೊಟ್ಟಿದ್ರೆ ನಿಂಗೆ ಪುಕ್ಕಟೆ ಹಾಕ್ಕೊಡ್ತಿದ್ದೆ" ಎಂದು ವೈರುಗಳಿಗೆ ಕಪ್ಪು ಟೇಪು ಸುತ್ತಿದ.

ಆಮೇಲಿನ ದಿನಗಳದ್ದೂ ಕೇಳಿ. ಪ್ರತಿ ಬೆಳಿಗ್ಗೆ ಅವನು ಕಾರಿನಲ್ಲಿ ಕೂತು, ಮುಷ್ಟಿ ಮಡಚಿ ಬಾಯಿಗಿಟ್ಟು ಊದುತ್ತಿದ್ದ. ಊದಿ, ಯಂತ್ರವಿದ್ದ ಜಾಗವನ್ನೇ ನೋಡುತ್ತಿದ್ದ. ಆಮೇಲೆ ಕೀಲಿ ತಿರುಗಿಸುತ್ತಿದ್ದ. ತಡೆಯಲಾಗದೆ ಒಮ್ಮೆ ಹತ್ತಿರ ಹೋದೆ. "ಏನ್ಮಾಡ್ತಿದ್ದೀಯಾ?"

"ಏನಿಲ್ಲ," ಎಂದ. "ಕೇಳ್ತಿದ್ದೀನಿ."

ಯಾರನ್ನು ಎಂದು ನಾನು ಕೇಳಲಿಲ್ಲ.

ಬೇಸಿಗೆಯಲ್ಲಿ ಅವನ ಜೊತೆಗಾರ ಜಾಗೋ ತೀರಿಕೊಂಡ. ಮಣ್ಣು ಮಾಡಿದ ಮೇಲೆ ಗೆಳೆಯರೆಲ್ಲ ಪಬ್ಬಿಗೆ ಹೋದರು. ಸತ್ತವನ ಹೆಸರಿನಲ್ಲಿ ಒಂದು ಗ್ಲಾಸು. ಒಂದರ ಹಿಂದೆ ಇನ್ನೊಂದು. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಡೆನ್ಜಿಲ್ ಹೊರಗೆ ಬಂದು ಕಾರು ಹತ್ತಿದ. ಆ ದಿನ ಮುಷ್ಟಿಗೆ ಊದಿದನೋ ಇಲ್ಲವೋ, ಅವನಿಗೇ ನೆನಪಿಲ್ಲ. ಬ್ರಿಯೋನಿ ಕಡಲಕಟ್ಟೆಯ ಬಳಿ ಮಕ್ಕಳಿಗೆ ಈಜು ಕಲಿಸಿ ಸೈಕಲ್ಲಿನಲ್ಲಿ ಮನೆಗೆ ಹೊರಟಿದ್ದಳು. ನಮ್ಮ ಟೆಗನ್ ನೀರಿನ ಮೇಲೆ ತೇಲಲು ಕಲಿತದ್ದು ಅವಳ ಅಂಗೈ ಮೇಲೆಯೇ. ಪೊಲೀಸರು ಬಂದಾಗ ಡೆನ್ಜಿಲ್ ಅವಳ ಪಕ್ಕದಲ್ಲಿ ಮಣ್ಣಿನಲ್ಲಿ ಕೂತಿದ್ದನಂತೆ. ಏನು ಕೇಳಿದರೂ ಒಂದೇ ಮಾತು: "ಸ್ಟಾರ್ಟ್ ಆಗ್ಬಿಡ್ತು."

ಕುಡಿದವನು ಅವನು, ಗಾಡಿ ಓಡಿಸಿದವನು ಅವನು. ಕೋರ್ಟಿನಲ್ಲಿ ಅವನೇ ಒಪ್ಪಿಕೊಂಡ. ಶಿಕ್ಷೆ ಕಡಿಮೆ ಮಾಡಿ ಎಂದು ನಾನು ಯಾರ ಮುಂದೆಯೂ ಅಳಲಿಲ್ಲ. ಆದರೆ ತನ್ನನ್ನು ಕಂಡು ತಾನೇ ಹೆದರಿ ನೆರವು ಕೇಳಿ ಬಂದ ಮನುಷ್ಯನನ್ನು ಅಭಿನಂದಿಸಿ ವಾಪಸು ಅಟ್ಟಿದವರಿಗೆ ಯಾವ ಕೋರ್ಟು? ಜೈಲಿನಿಂದ ಬಂದು ಮುಂದೆಂದಾದರೂ ಲೈಸೆನ್ಸ್ ಪಡೆದರೆ ಬೀಗ ಕಡ್ಡಾಯವೆಂದು ತೀರ್ಪಿನಲ್ಲಿದೆ. ಸಂತೋಷ. ಅಂತೂ ಅವನು ಅರ್ಹನಾದ. ಅರ್ಹತೆಗೆ ಒಂದು ಹೆಣ ಬೇಕಾಯಿತು, ಅಷ್ಟೇ ತಾನೇ?

ಮೊನ್ನೆ ಬ್ರಿಯೋನಿಯ ತಾಯಿ ಬೇಕರಿಗೆ ಬಂದರು. ಅವರು ಬೈಯಲಿ ಎಂದೇ ನಾನು ಕಾದೆ.

"ಬೀಗ ಇರ್ಲಿ ಅಂತ ಅವ್ನು ಕೇಳಿದ್ದು ನಿಜಾನೇನಮ್ಮಾ ಲೋರ್ನಾ?"

"ನಿಜ."

"ಆಗಲ್ಲ ಅಂದಿದ್ದು ಯಾರು?"

ಯಾರ ಹೆಸರು ಹೇಳಲಿ? ಕೌಂಟರೆಂದೇ, ವಿಭಾಗವೆಂದೇ, ವ್ಯಾಪ್ತಿಯೆಂದೇ? ಅವರು ಉತ್ತರಕ್ಕಾಗಿ ನಿಂತೇ ಇದ್ದರು. ಕೊನೆಗೆ ಏನನ್ನೂ ಕೊಳ್ಳದೆ ಹೋದರು.

ಆದ್ದರಿಂದ ಕೇಳುತ್ತಿದ್ದೇನೆ. ಬೀಗ ಬೇಕೆಂದು ತಾನಾಗಿ ಬರುವ ಯಾರಿಗಾದರೂ, ಅವರು ಏನೂ ಮಾಡುವ ಮೊದಲೇ, ಅದನ್ನು ಕೊಡುವ ನಿಯಮ ಮಾಡಿ. ನನಗೆ ಉತ್ತರ ಬರೆಯಬೇಡಿ. ಕಡಲಕಟ್ಟೆಯ ಹಿಂದಿನ ಬೀದಿಯಲ್ಲಿ ಹಾಕಿಂಗ್ ಅವರ ಮನೆಯಿದೆ. ನೀವೇ ಬನ್ನಿ, ಬಾಗಿಲು ತಟ್ಟಿ, ಮೊದಲು ನಿಮ್ಮ ಹೆಸರು ಹೇಳಿ.

ಇಂತಿ,
ಈ ಊರು ಬಿಟ್ಟು ಹೋಗಲೂ ಆಗದೆ, ಇಲ್ಲಿ ತಲೆಯೆತ್ತಿ ನಡೆಯಲೂ ಆಗದೆ ಉಳಿದಿರುವ,
ಲೋರ್ನಾ ಟ್ರೆಗೆಂಜಾ
ಪೋರ್ಟ್ ಕಾರ್ವೆನ್, ಆಸ್ಟ್ರೇಲಿಯಾ