ಅಳು ಮಿಕ್ಸ್

ಫೆಬ್ರವರಿ 3, ಸೋಮವಾರ. ಮಧ್ಯಾಹ್ನ 2
ಬ್ರೂಸ್‌ಪೇಟೆಯ ನನ್ನ ಮೊಬೈಲ್ ಅಂಗಡಿ. ಗಿರಾಕಿ ಇಲ್ಲ. ಕಂಪ್ಯೂಟರಿನಲ್ಲಿ ಕೂಡಿಸುತ್ತಿದ್ದ ಡಿಜೆ ಟ್ರ್ಯಾಕ್ ಮುಗಿಯಿತು. ಅಪ್‌ಲೋಡ್‌ಗೆ ಹೋದರೆ ಯಾವ ಬಗೆಯ ಡಾನ್ಸ್ ಸಂಗೀತ ಅಂತ ಕೇಳುತ್ತದೆ — ಹೌಸ್, ಟೆಕ್ನೋ, ಟ್ರಾನ್ಸ್. ಬೀಟ್ ನಿಮಿಷಕ್ಕೆ 128, ಅಂದರೆ ಹೌಸ್. ದನಿ ಮಾತ್ರ ಎಳೆದೆಳೆದು ಏರುತ್ತದೆ, ಅದು ಟ್ರಾನ್ಸ್. ದನಿ ಅಜ್ಜಿಯದು. ಹೋದ ವರ್ಷ ಕುರುಗೋಡಿನಲ್ಲಿ ತಾತ ತೀರಿದಾಗ ಹಾಡಿಕೊಂಡು ಅತ್ತದ್ದು — ‘ಹೇಳದ ಹೊಂಟ್ಯಲ್ಲೋ ನನ್ನ ದೊರಿ’. ನೆನಪಿಗೆ ಅಂತ ಮೊಬೈಲಲ್ಲಿ ಹಿಡಿದಿದ್ದೆ. ಅವಳನ್ನು ಕೇಳಿಲ್ಲ. ಕೇಳಿದರೆ ಬೇಡ ಅನ್ನುತ್ತಾಳೆ.

ಫೆಬ್ರವರಿ 5
ಸಿರುಗುಪ್ಪದ ಡಿಜೆ ಪ್ರಭುಲಿಂಗನ ಫೋನ್. “ಟ್ರಾನ್ಸ್ ಅಂದ್ರ ನಮ್ಮ ಮಂದಿಗೆ ಏನ್ ತಿಳೀತೈತಲೇ ಅಮರೇಶ? ‘ಅಳು ಮಿಕ್ಸ್’ ಅಂತ ಇಡು. ಹೆಸರು ನೋಡೇ ಒತ್ತತಾರ.”
ಇಟ್ಟೆ.

ಫೆಬ್ರವರಿ 23
ಓಡಿತು. ಡಿಜೆ ಅಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದವರೂ ಕೇಳುತ್ತಿದ್ದಾರೆ. ಕೌಲ್ ಬಜಾರ್‌ನ ಆಟೋ ಚಂದ್ರಣ್ಣ ಅಂದ, “ನಮ್ಮನಿ ಹೆಣ್ಮಕ್ಕಳ ದನಿ ಇದ್ದಂಗೈತ್ರಿ, ಅದಕ್ಕ ಹಿಡಿಸ್ತು.” ಇನ್ನಿಬ್ಬರು ತಮ್ಮದೂ ‘ಅಳು ಮಿಕ್ಸ್’ ಅಂತ ಬಿಟ್ಟಿದ್ದಾರೆ. ನಿಯಮವೂ ಹುಟ್ಟಿಕೊಂಡಿದೆ — ದನಿ ಏರಬೇಕು, ಗಕ್ಕನೆ ನಿಲ್ಲಬೇಕು, ಆಮೇಲೆ ಬೀಟ್. ಹೆಮ್ಮೆ. ಅಜ್ಜಿಗೆ ಮಾತ್ರ ಇನ್ನೂ ಹೇಳಿಲ್ಲ.

ಮಾರ್ಚ್ 16, ಭಾನುವಾರ
ಕುರುಗೋಡು. ತಂಗಿ ಐಶ್ವರ್ಯಳ ಮದುವೆ ಮೆರವಣಿಗೆ. ಪ್ರಭುಲಿಂಗನದೇ ಡಿಜೆ. ‘ಅಳು ಮಿಕ್ಸ್’ ಒಂದು ಬೇಡ ಅಂದಿದ್ದೆ, ಹುಡುಗರು ಹಾಕಿಸದೆ ಬಿಡಲಿಲ್ಲ. ಅಜ್ಜಿ ಬಾಗಿಲಲ್ಲೇ ಕೂತಿದ್ದಳು.
“ಯಾರಲೇ ಅದು… ನಾನಾ?”
ಹೌದು ಅಂದೆ.
“ನಿಮ್ಮ ತಾತನ ಮುಂದ ಅತ್ತಿದ್ದಕ್ಕ ಕುಣಿಯಾಕತ್ಯಾರೇನೋ ಯಪ್ಪಾ?”
ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 17
ಡಿಲೀಟ್ ಮಾಡಿದೆ. ಪ್ರಭುಲಿಂಗ ನಕ್ಕ. “ಎಲ್ಲಾರ ಮೊಬೈಲ್‌ನಾಗೂ ಐತಿ. ಯಾರ್ಯಾರದು ಕಸಗೊಳ್ತೀ?”

ಏಪ್ರಿಲ್ 9, ಬುಧವಾರ
ಅಜ್ಜಿಯ ಪಕ್ಕದ ಮನೆಯ ಚಿದಾನಂದಪ್ಪ ತೀರಿದರು. ಬೆಳಿಗ್ಗೆಯೇ ಕುರುಗೋಡಿಗೆ ಬಂದೆ. ಸಾವಿನ ಮನೆಯಲ್ಲಿ ಮೊದಲ ಸೊಲ್ಲು ಅಜ್ಜಿಯದು, ಈ ಓಣಿಯ ರೂಢಿ. ಅವಳು ಎತ್ತಿದ ಮೇಲೆ ಉಳಿದ ಹೆಂಗಸರು. ಹೆಣದ ಪಕ್ಕ ಕೂತಳು. ‘ಹೇಳದ ಹೊಂಟ್ಯಲ್ಲೋ…’ ದನಿ ಏರಿತು. ಉಸಿರೆಳೆದುಕೊಳ್ಳಲು ಗಕ್ಕನೆ ನಿಲ್ಲಿಸಿದಳು. ಇಲ್ಲದ ಬೀಟ್‌ಗೆ ಹಿಂದೆ ನಿಂತವರ ತಲೆ ಆಡತೊಡಗಿತು. ಬೇಕಂತ ಅಲ್ಲ, ತಾನೇ ಆಡಿತು. ಅಜ್ಜಿ ತಿರುಗಿ ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮುಂದಿನ ಸೊಲ್ಲು ಬರಲೇ ಇಲ್ಲ. ಹೆಂಗಸರು ಕಾದರು. ಚಿದಾನಂದಪ್ಪನವರಿಗೆ ಅಳುವವರೇ ಇಲ್ಲದಂತೆ ಮನೆ ಸುಮ್ಮನಾಯಿತು. ನಾನು ಕೆಳಗೆ ನೋಡಿಕೊಂಡೆ. ನನ್ನ ಕಾಲು ಇನ್ನೂ ತಾಳ ಹಾಕುತ್ತಲೇ ಇತ್ತು.