‘ನಿನ್ನಿಷ್ಟ’ ಅಂದ ಅಮ್ಮನಿಗೆ

ಕಾಕ್ಕನಾಡ್, ಕೊಚ್ಚಿ
21 ಸೆಪ್ಟೆಂಬರ್ 2025, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳು ಪಾವನಾ ಮಾಡುವ ನಮಸ್ಕಾರ. ಅಪ್ಪನ ಮಂಡಿನೋವು, ನಿನ್ನ ಬಿ.ಪಿ. ಎರಡೂ ಹದ್ದುಬಸ್ತಿನಲ್ಲಿವೆ ಎಂದು ನಂಬಿದ್ದೇನೆ. ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ತಡವಾಯಿತು, ಕ್ಷಮಿಸು. ಕೋಯಿಕ್ಕೋಡಿನ ಹಾಸ್ಟೆಲಿನಲ್ಲಿ ನನ್ನನ್ನು ಬಿಟ್ಟು ಹೊರಡುವಾಗ, "ಒಂದೇ ಒಂದು ಕಾಗದ ಕನ್ನಡದಲ್ಲಿ ಬರಿಯೇ" ಅಂದಿದ್ದೆಯಲ್ಲ, ಆ ಕಾಗದ ಇದು. ಒಂಬತ್ತು ವರ್ಷ ಆಯಿತು.

ನಿನ್ನ ಭಾನುವಾರದ ಕನ್ನಡ ಪಾಠದಲ್ಲಿ ನನಗೆ ಬಂದದ್ದು ಒಂದೇ ಮಾದರಿ ಪತ್ರ: ಶಾಲಾ ಪ್ರವಾಸಕ್ಕೆ ಹಣ ಕಳಿಸುವಂತೆ ಕೋರಿ ತಂದೆಗೆ. ನೀನು ಹತ್ತು ಸಲ ಬರೆಸಿದ್ದೆ. ಅಪ್ಪ ಪಕ್ಕದ ಕೋಣೆಯಲ್ಲೇ ಪೇಪರ್ ಓದುತ್ತಾ ಕೂತಿರುತ್ತಿದ್ದರು, ನಾನು ಅವರಿಗೆ "ತೀರ್ಥರೂಪು ತಂದೆಯವರಿಗೆ" ಅಂತ ಬರೆಯುತ್ತಿದ್ದೆ. ಕಾಲೋನಿಯ ಉಳಿದ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಕೈಕೊಟ್ಟು ಕೊನೆಗೆ ನಾನೊಬ್ಬಳೇ ಉಳಿದೆ. ಆ ಪಾಠದ ಪುಣ್ಯ, ಓದಲು ಬರೆಯಲು ತೊಂದರೆಯಿಲ್ಲ. ಬಾಯಿ ತೆರೆದರೆ ಮಾತ್ರ ನನ್ನ ಕನ್ನಡ ಮಲಯಾಳದ ರಾಗ ಎಳೆಯುತ್ತದೆ. ಅದಕ್ಕೇ ನೀನು ಕನ್ನಡದಲ್ಲಿ ಕೇಳುವುದು, ನಾನು ಮಲಯಾಳದಲ್ಲಿ ಉತ್ತರಿಸುವುದು ನಮ್ಮ ಮನೆಯ ಪದ್ಧತಿಯಾಗಿಬಿಟ್ಟಿತು. ಕಾಗದದಲ್ಲಿ ರಾಗ ಕೇಳಿಸುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಇನ್ನೊಂದು ಅನುಕೂಲವೂ ಇದೆ. ನನ್ನ ಜೊತೆ ಫ್ಲ್ಯಾಟಿನಲ್ಲಿರುವ ಫಾತಿಮಾ ಹೆಗಲ ಮೇಲಿಂದ ಇಣುಕಿದರೂ ಅವಳಿಗೆ ಒಂದಕ್ಷರ ಅರ್ಥವಾಗುವುದಿಲ್ಲ. ಆದರೆ ಇಣುಕಲು ಅವಳಿಲ್ಲ. ಶುಕ್ರವಾರ ಸಂಜೆಯೇ ತಲಶ್ಶೇರಿಗೆ, ಅವಳ ಅಮ್ಮನ, ಅವಳ ಮಾತಿನಲ್ಲಿ ಉಮ್ಮನ, ಹತ್ತಿರ ಹೋದಳು. ಪ್ರತಿ ಶುಕ್ರವಾರ ಹೋಗುತ್ತಾಳೆ. ಶನಿವಾರ, ಭಾನುವಾರ ನಾನು, ಫ್ರಿಜ್ಜು, ಎದುರಿನ ಕಟ್ಟಡದ ಕೆಲಸದ ಸದ್ದು, ಇಷ್ಟೇ.

ಮೊದಲು ಸುದ್ದಿ. ಗುರುವಾರ ನಾನು ದುಬೈಗೆ ಒಪ್ಪಿಗೆ ಕಳಿಸಿಬಿಟ್ಟೆ.

ಫೋನಿನಲ್ಲಿ ಎಲ್ಲ ಅರ್ಧರ್ಧ ಹೇಳಿದ್ದೆ, ಈಗ ಪೂರ್ತಿ ಹೇಳುತ್ತೇನೆ. ಬಿಸಿನೆಸ್ ಸ್ಕೂಲಿನವರು ಸೀಟು ಕೊಟ್ಟರು, ಆದರೆ ಎರಡು ವರ್ಷ ಹೊರಗೆ ಕೆಲಸ ಮಾಡಿ ಅನುಭವ ಪಡೆದು ಬಾ ಅಂದರು. ಅದಕ್ಕಾಗಿ ಕನ್ಸಲ್ಟಿಂಗ್ ಕಂಪನಿಗಳಿಗೆ ಅರ್ಜಿ ಹಾಕಿದೆ. ಬೇರೆಯವರ ಕಂಪನಿಗೆ ಹೋಗಿ, ಅವರ ಕೆಲಸ ನೋಡಿ, ಹೀಗಲ್ಲ ಹಾಗೆ ಮಾಡಿ ಎಂದು ಹೇಳುವ ಕೆಲಸ ಅಂದಾಗ ನೀನು, "ಪುಕ್ಕಟೆ ಸಲಹೆ ಕೊಡೋರು ನಮ್ಮ ಬೀದೀಲೇ ಹತ್ತು ಜನ ಇದಾರೆ, ನಿಂಗೆ ಅದಕ್ಕೆ ಸಂಬಳ ಬೇರೆ ಕೊಡ್ತಾರಾ?" ಅಂತ ಕೇಳಿದ್ದೆ. ಕೊಡುತ್ತಾರೆ ಅಮ್ಮ. ಒಂದೇ ಕಂಪನಿಯ ಎರಡು ಆಫೀಸು ಕರೆದವು. ಗುರುಗ್ರಾಮದಿಂದ ಉತ್ತರ ಭಾರತದ ಕೆಲಸಗಳಿಗೆ, ದುಬೈಯಿಂದ ಇಡೀ ಗಲ್ಫಿಗೆ. ಶುಕ್ರವಾರದೊಳಗೆ ಒಂದನ್ನು ಆರಿಸಿ ತಿಳಿಸಬೇಕಿತ್ತು.

ಇಂಥ ಕೆಲಸಕ್ಕೆ ಮೇಲಧಿಕಾರಿಯ ಶಿಫಾರಸು ಪತ್ರ ಬೇಕು. ನಮ್ಮ ಮ್ಯಾನೇಜರ್ ಶ್ರೀಪತಿ ಸರ್ ಒಳ್ಳೆಯವರೇ, ಆದರೆ ಎಲ್ಲ ಆಫೀಸಿನಲ್ಲೂ ನಡೆಯುವ ಹಾಗೆ, "ಪಾವನಾ, ನೀವೇ ಬರೆದು ತನ್ನಿ, ನಾನು ಸಹಿ ಹಾಕುತ್ತೇನೆ" ಅಂದರು. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಬುದ್ಧಿವಂತೆ ಅಂತ ಬರೆದೆ, ಶ್ರಮಜೀವಿ ಅಂತ ಬರೆದೆ, ಎರಡೂ ಎಲ್ಲರ ಪತ್ರದಲ್ಲೂ ಇರುತ್ತವೆ. ನನ್ನಲ್ಲಿ ಮಾತ್ರ ಇರುವ ಗುಣ ಯಾವುದು ಎಂದು ಒಂದು ಗಂಟೆ ಯೋಚಿಸಿದೆ. ಕೊನೆಗೆ, "ಇವಳನ್ನು ಯಾವ ಊರಿಗೆ ಬೇಕಾದರೂ ಕಳಿಸಬಹುದು, ಎಲ್ಲಿಯೂ ಬೇರು ಬಿಟ್ಟವಳಲ್ಲ" ಎಂದು ಬರೆದೆ. ಸರ್ ಓದಿ ತಲೆದೂಗಿ ಸಹಿ ಹಾಕಿದರು.

ಆ ಸಾಲು ಎಷ್ಟು ಕೆಲಸ ಮಾಡಿತು ಗೊತ್ತಾ? ಈ ಕಂಪನಿಗಳು ಸಂದರ್ಶನದಲ್ಲಿ ತಪ್ಪದೆ ಕೇಳುವ ಪ್ರಶ್ನೆ, ಈ ಪ್ರದೇಶದ ಜೊತೆ ನಿಮಗೇನು ನಂಟು ಎಂದು. ಯಾರಾದರೂ ಅರ್ಧಕ್ಕೆ ಬಿಟ್ಟು ಮನೆಗೆ ಓಡಿಹೋದಾರೆಂಬ ಭಯ ಅವರಿಗೆ. ಗುರುಗ್ರಾಮದವನು ಕೇಳಿದಾಗ ಏನೂ ಇಲ್ಲ ಅಂದೆ. ಮತ್ತೆ ಯಾವ ಪ್ರದೇಶದ ಜೊತೆ ಇದೆ ಅಂದ. ಇಲ್ಲಿನ ಆಫೀಸಿನಲ್ಲಿ ನಾನು ಕನ್ನಡದವಳು. ಐ.ಟಿ. ಪಾರ್ಕಿನ ಕನ್ನಡ ಹುಡುಗರು ರಾಜ್ಯೋತ್ಸವಕ್ಕೆ ಕರೆದಾಗ ಹೋಗಿದ್ದೆ, ಅಲ್ಲಿ ನಾನು ಮಲಯಾಳಿ. ಇಲ್ಲಿಗೂ ಸಲ್ಲಲಿಲ್ಲ, ಅಲ್ಲಿಗೂ ಸಲ್ಲಲಿಲ್ಲ. ಅದನ್ನೇ ನಗುತ್ತಾ ಹೇಳಿದೆ. "ಇಂಥವರೇ ನಮಗೆ ಬೇಕು" ಅಂದ. ಹೊಗಳಿಕೆಯೇ, ಆದರೂ ಕ್ಯಾಮೆರಾ ಆರಿಸಿದ ಮೇಲೆ ಶಿಫಾರಸು ಪತ್ರ ತೆಗೆದು ಆ ಸಾಲನ್ನು ಮತ್ತೆ ಓದಿದೆ.

ಹೋದ ಭಾನುವಾರ ಪಟ್ಟಂನ ನಮ್ಮ ಮನೆಗೆ ಬಂದದ್ದು ಇದನ್ನೇ ಮಾತಾಡಲು. ಅಪ್ಪ ಅವರ ಸ್ವಭಾವಕ್ಕೆ ತಕ್ಕಂತೆ ಪಟ್ಟಿ ಹಾಕಿದರು. ಮೂವತ್ತೊಂದು ವರ್ಷ ರಾಕೆಟ್ಟಿನ ಲೆಕ್ಕ ಮಾಡಿದ ಮನುಷ್ಯ, ಮಗಳ ಲೆಕ್ಕ ಬಿಡುತ್ತಾರಾ? ಸುರಕ್ಷತೆಗೆ ಇಷ್ಟು ಅಂಕ, ಕಲಿಕೆಗೆ ಇಷ್ಟು, ಹವೆಗೆ ಇಷ್ಟು, ಸಸ್ಯಾಹಾರಕ್ಕೆ ಇಷ್ಟು. ಕೂಡಿಸಿದಾಗ ದುಬೈಗೆ ಎಪ್ಪತ್ತೊಂದು, ಗುರುಗ್ರಾಮಕ್ಕೆ ಎಪ್ಪತ್ತೂವರೆ. "ಅಳತೆಯ ದೋಷದ ಮಿತಿಯೊಳಗಿದೆ, ಎರಡೂ ಸಮ" ಅಂತ ಪೆನ್ನಿನ ಮುಚ್ಚಳ ಹಾಕಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ನಿನ್ನ ಕಡೆ ತಿರುಗಿ ಕೇಳಿದೆ. ನೀನು ಬಟ್ಟೆ ಮಡಿಸುತ್ತಾ, "ನಿನ್ನಿಷ್ಟ ಮರಿ" ಅಂದೆ. ಅಷ್ಟೇ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಇನ್ನೊಂದು ಸಲ ಕೇಳಿದೆ. "ನೀನು ಎಲ್ಲಿದ್ರೂ ಚೆನ್ನಾಗಿರ್ತೀಯ" ಅಂದು ಮಡಿಸಿದ ಬಟ್ಟೆಗಳನ್ನು ಎತ್ತಿಕೊಂಡು ನನ್ನ ಕೋಣೆಗೆ ಹೋದೆ. ನನ್ನ ಕೋಣೆ ಅಂದೆನಲ್ಲ, ಪ್ರೇಮಳ ಕೋಣೆ. ಜೂನಿನಲ್ಲಿ ನೀನು ಫೋನು ಮಾಡಿ, ಅಪ್ಪನ ಹಳೆಯ ಆಫೀಸಿಗೆ ತುಮಕೂರಿನ ಹುಡುಗಿ ಹೊಸದಾಗಿ ಬಂದಿದಾಳೆ, ಪೇಯಿಂಗ್ ಗೆಸ್ಟ್ ಆಗಿ ಇಟ್ಟುಕೊಳ್ಳಲಾ ಅಂತ ಕೇಳಿದಾಗ "ಕುಳಪ್ಪಮಿಲ್ಲ" ಅಂತ ನಾನೇ ಹೇಳಿದ್ದೆ. ತೊಂದರೆಯೇನೂ ಇರಲಿಲ್ಲ, ನಿಜವಾಗಿ. ಅವಳ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಪುಸ್ತಕಗಳ ಮೇಲೆ ಧೂಳಿಲ್ಲದ ಹಾಗೆ ಇಟ್ಟಿದ್ದಾಳೆ, ನನಗಿಂತ ಅಚ್ಚುಕಟ್ಟು. ಅವಳು ನಿನ್ನನ್ನು ಆಂಟಿ ಅನ್ನುವುದು ಬಿಟ್ಟು ಅಮ್ಮ ಅನ್ನುತ್ತಾಳೆ ಅಂತ ಮಾತ್ರ ನೀನು ಹೇಳಿರಲಿಲ್ಲ.

ನನಗೆ ಬೇಕಿದ್ದದ್ದು ಏನು ಅಂತ ಈಗ ಬರೆದೇಬಿಡುತ್ತೇನೆ. ಬೇಡ ಕಣೇ, ಅಷ್ಟು ದೂರ ಯಾಕೆ ಅಂತ ನೀನು ಒಂದು ಸಲ ಜಗಳ ಮಾಡಬೇಕಿತ್ತು. ಫಾತಿಮಾಳ ಉಮ್ಮ ಅವಳು ಕಣ್ಣೂರಿನ ಕೆಲಸ ಬಿಟ್ಟು ಕೊಚ್ಚಿಗೆ ಬಂದದ್ದಕ್ಕೇ ಎರಡು ದಿನ ಮಾತು ಬಿಟ್ಟಿದ್ದರಂತೆ. ಅವಳು ಅದನ್ನು ಗೋಳು ಅಂತ ಹೇಳಿಕೊಳ್ಳುತ್ತಾಳೆ, ನನಗೆ ಕೇಳುವಾಗ ಹೊಟ್ಟೆಕಿಚ್ಚಾಗುತ್ತದೆ. ನೀನು ಜಗಳವಾಡಿದ್ದರೂ ನಾನು ಹೋಗುತ್ತಿದ್ದೆನೇನೋ. ಆದರೆ ಎಲ್ಲೋ ಒಂದು ಕಡೆ ನನ್ನನ್ನು ಹಿಡಿದು ಎಳೆಯುವವರಿದ್ದಾರೆ ಅಂತ ಗೊತ್ತಾಗಿ ಹೋಗುತ್ತಿದ್ದೆ.

ದುಬೈ ಯಾಕೆ ಅಂತ ಕೇಳುತ್ತೀಯಲ್ಲ. ಆಫೀಸಿನವರಿಗೆ ದೊಡ್ಡ ದೊಡ್ಡ ಕಾರಣ ಬರೆದೆ. ನಿಜವಾದ ಕಾರಣ, ಅಲ್ಲಿ ಟ್ಯಾಕ್ಸಿ ಹತ್ತಿದರೂ ಅಂಗಡಿಗೆ ಹೋದರೂ ಮಲಯಾಳ ಸಿಗುತ್ತದಂತೆ. ನನಗೆ ಸರಾಗವಾಗಿ ಬರುವುದು ಅದೊಂದೇ. ನವೆಂಬರ್ ಮೂರಕ್ಕೆ ಸೇರಬೇಕು. ಎರಡು ವರ್ಷ, ಆಮೇಲೆ ಬಿಸಿನೆಸ್ ಸ್ಕೂಲು, ಆಮೇಲೆ ದೇವರಿಗೇ ಗೊತ್ತು. ಹೊರಡುವ ಮೊದಲು ಒಂದು ವಾರ ಪಟ್ಟಂನಲ್ಲಿ ಇರುತ್ತೇನೆ. ಪ್ರೇಮಳನ್ನು ಕೋಣೆಯಿಂದ ಏಳಿಸಬೇಡ, ಹಾಲ್‌ನಲ್ಲಿ ನಿನ್ನ ಪಕ್ಕ ಚಾಪೆ ಹಾಸಿಕೊಳ್ಳುತ್ತೇನೆ. ಅಪ್ಪನಿಗೆ ಹೇಳು, ಅವರ ಅರ್ಧ ಅಂಕ ಗೆದ್ದಿತು ಅಂತ.

ಮಾತ್ರೆ ಮರೆಯಬೇಡ. ತಲೆ ಮೇಲೆ ಕೈಯಿಟ್ಟು ಹರಸು, ಅದಕ್ಕೆ ನಾನು ಎದುರಿಗೇ ಇರಬೇಕು ಅಂತೇನಿಲ್ಲವಲ್ಲ.

ಇಂತಿ ನಿನ್ನ ಮಗಳು,
ಪಾವನಾ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲು ಹೋದೆ, ಆಗಲಿಲ್ಲ. ಹೋದ ಭಾನುವಾರ ರೈಲು ತಡವಾಯಿತು ಅಂತ ಹೇಳಿದ್ದು ಸುಳ್ಳು. ತಂಪಾನೂರು ಸ್ಟೇಷನ್ನಿಗೆ ಸರಿಯಾದ ಸಮಯಕ್ಕೇ ಬಂತು. ಹತ್ತೂವರೆಗೆ ನಾನು ನಮ್ಮ ಬಾಗಿಲಲ್ಲಿದ್ದೆ. ಅಪ್ಪ ಹೊರಗೆ ಹೋಗಿದ್ದರು, ಬಾಗಿಲು ಓರೆಯಾಗಿತ್ತು, ಚಪ್ಪಲಿ ಬಿಡುತ್ತಿದ್ದೆ. ಅಡುಗೆಮನೆಯಲ್ಲಿ ನೀನು ಪ್ರೇಮಳಿಗೆ, ನಂಜನಗೂಡಿನಲ್ಲಿ ನೀನು ಹುಡುಗಿಯಾಗಿದ್ದಾಗ ಶಾಲೆಯ ನಾಟಕದಲ್ಲಿ ಮೀಸೆ ಉದುರಿಬಿದ್ದ ಕಥೆ ಹೇಳುತ್ತಿದ್ದೆ. ಬಿದ್ದು ಬಿದ್ದು ನಗುತ್ತಿದ್ದೆ. ಆ ನಗುವನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಪ್ರೇಮ ಅಂದಳು, "ಪಾವನಾ ಅವರು ಪುಣ್ಯವಂತರು ಬಿಡಿ ಅಮ್ಮ, ಚಿಕ್ಕಂದಿನಿಂದ ಇಂಥವು ಎಷ್ಟು ಕೇಳಿರ್ತಾರೋ."

ನೀನು ಅಂದೆ, "ಅವಳಿಗೆ ಒಂದೂ ಹೇಳಿಲ್ಲಮ್ಮ. ಮೂರನೇ ಕ್ಲಾಸಲ್ಲಿದ್ದಾಗ ಸ್ಕೂಲ್ ಗೇಟ್ ಹತ್ರ ನಿಂತು, ಬಾರೇ ಪುಟ್ಟಿ, ಹೊತ್ತಾಯ್ತು ಅಂತ ಕೂಗಿದೆ. ಸುತ್ತ ಇದ್ದ ಮಕ್ಕಳು ನಕ್ಕುಬಿಟ್ರು. ಇವಳು ಹತ್ರ ಬಂದು, ನಾನು ಹಿಡಿದ ಕೈ ಬಿಡಿಸ್ಕೊಂಡು, ನನ್ನ ಗುರುತೇ ಇಲ್ಲದವಳ ಥರ ಮುಂದೆ ನಡೆದುಹೋದ್ಲು. ಅವತ್ತಿಂದ ಒಂದು ಮಾತು ಕನ್ನಡದಲ್ಲಿ ಆಡಲಿಲ್ಲ. ನಾನು ಮಾತಾಡಿದ್ರೆ ಅವಳಿಗೆ ನಾಚಿಕೆ ಅಂತ, ಬೇಕಾದಷ್ಟು ಮಾತ್ರ ಆಡ್ತೀನಿ."

ಅಮ್ಮ, ಆ ಗೇಟು ನನಗೂ ನೆನಪಿದೆ. ನಿನಗೆ ಗೊತ್ತಾಗಿಲ್ಲ ಅಂತ ಹತ್ತೊಂಬತ್ತು ವರ್ಷ ಅಂದುಕೊಂಡಿದ್ದೆ. ನನ್ನ ಕನ್ನಡ ರಾಗ ಎಳೆಯುತ್ತದೆ ಅಂತ ಮೇಲೆ ಬರೆದದ್ದೆಲ್ಲ ಆಮೇಲೆ ಕಟ್ಟಿಕೊಂಡ ನೆವ. ನನಗೆ ನಿನ್ನ ಬಗ್ಗೆ ನಾಚಿಕೆಯಾಗಿತ್ತು. ನಿನ್ನ "ನಿನ್ನಿಷ್ಟ" ಎಲ್ಲಿಂದ ಬಂತೆಂದು ಅವತ್ತೇ ನನಗೆ ಗೊತ್ತಾಯಿತು, ಗೊತ್ತಾಗಿಯೂ ನಿನ್ನ ಮೇಲೆ ತಪ್ಪು ಹೊರಿಸಿ ಇಷ್ಟುದ್ದ ಬರೆದೆ.

ಚಪ್ಪಲಿ ಮೆಟ್ಟಿಕೊಂಡು ಸದ್ದಿಲ್ಲದೆ ಇಳಿದುಹೋದೆ. ಬಸ್‌ಸ್ಟಾಪಿನಲ್ಲಿ ಒಂದು ಗಂಟೆ ಕೂತು, ಮುಖ ತೊಳೆದುಕೊಂಡು ಮತ್ತೆ ಬಂದು ಬೆಲ್ ಒತ್ತಿದೆ. ನೀನು ಬಾಗಿಲು ತೆಗೆದು, ನನ್ನ ಬ್ಯಾಗು ತೆಗೆದುಕೊಳ್ಳುತ್ತಾ, "ತಿಂಡಿ ಆಯ್ತಾ ಮರಿ?" ಅಂದೆ. ಪ್ರೇಮ ನಿನ್ನ ಹಿಂದೆಯೇ ನಿಂತಿದ್ದಳು. ನಾನು ಆಯಿತು ಅಂತ ಮಲಯಾಳದಲ್ಲೇ "ಕಳಿಚ್ಚು" ಅಂದೆ.

ಆಗಿರಲಿಲ್ಲ ಅಮ್ಮ. ತುಂಬಾ ಹಸಿವಾಗಿತ್ತು.