ಫಿಯಟ್ ಕಾರಿನಲ್ಲಿ ಮುಚ್ಚಿಟ್ಟದ್ದು

ಬಟವಾಡಿ, ತುಮಕೂರು
9-6-1999

ಗುಬ್ಬಿಯ ರಂಗಯ್ಯನವರಿಗೆ ಜೀಶಾನ್ ಮಾಡುವ ನಮಸ್ಕಾರ.

ನಿಮ್ಮ ಅನುಮಾನ ನಿಜ. ನಮ್ಮ ಅಬ್ಬಾ ಅವರ ಹಳೆಯ ಫಿಯಟ್ ಕಾರನ್ನು ನಿಮಗೆ ಮಾರುವಾಗ ಒಂದು ವಿಷಯ ಮುಚ್ಚಿಟ್ಟಿದ್ದೆ. ಮುಚ್ಚಿಟ್ಟದ್ದು ಇಷ್ಟೇ, ಅದನ್ನು ಮಾರಲು ನನಗೆ ಮನಸ್ಸೇ ಇರಲಿಲ್ಲ. ತಮ್ಮ ಕಣ್ಣು ಮಂಜಾಯಿತೆಂದು ಅಬ್ಬಾ ಮಾರಲು ಹೇಳಿದ್ದರು. ನೀವು ಬೇಡವೆಂದು ಎದ್ದು ಹೋಗಲಿ ಎಂದೇ ರೇಡಿಯೇಟರ್ ಸೋರುವುದು, ಹಿಂದಿನ ಬಾಗಿಲು ಒಳಗಿನಿಂದ ತೆರೆಯದಿರುವುದು, ಎಲ್ಲವನ್ನೂ ಬಿಡದೆ ಹೇಳಿದೆ. ಅಷ್ಟು ಬಿಟ್ಟರೆ ಬೇರೆ ದೋಷವಿರಲಿಲ್ಲ.

ನಿಮ್ಮ ಭಾವಮೈದ ಕಾಂತೇಶ್ ಅಲ್ಲೇ ನಕ್ಕರು. "ಸ್ಕೂಲ್ ಬಿಟ್ಟು ಅಲೀತಿರೋ ಹುಡ್ಗ ಇಷ್ಟೆಲ್ಲ ತಾನಾಗೇ ಹೇಳ್ತಾವ್ನೆ ಅಂದ್ರೆ, ದೊಡ್ಡದೇನೋ ಮುಚ್ಚಿಟ್ಟವ್ನೆ ಕಣ್ ಬಾವ."

ಆದರೂ ನೀವು ಗಾಡಿ ಕೊಂಡಿರಿ. ಆಮೇಲೆ ಆ ದೊಡ್ಡದನ್ನು ಹುಡುಕಲು ಗುಬ್ಬಿಯಲ್ಲೊಮ್ಮೆ, ಕುಣಿಗಲ್‌ನಲ್ಲೊಮ್ಮೆ ಇಂಜಿನ್ ಬಿಚ್ಚಿಸಿದಿರಿ. ಚೆನ್ನಾಗಿ ಓಡುತ್ತಿದ್ದ ಗಾಡಿ ಈಗ ಸ್ಟಾರ್ಟೇ ಆಗುತ್ತಿಲ್ಲ. ಅದಕ್ಕೂ ನಾನೇ ಕಾರಣವೆಂದರೆ ಏನು ಹೇಳಲಿ?

ನಿನ್ನೆ ನಾನಿಲ್ಲದಾಗ ಮನೆಗೆ ಬಂದು, ಬೇರೆ ದೋಷವಿಲ್ಲವೆಂದು ಕುರಾನ್ ಮುಟ್ಟಿ ಆಣೆ ಮಾಡಿ ಎಂದು ಅಬ್ಬಾ ಅವರನ್ನು ಕೇಳಿದಿರಂತೆ. ಅವರು ಮಾಡಲಿಲ್ಲ. ಸಂಜೆ ನನ್ನನ್ನು ಹತ್ತಿರ ಕೂರಿಸಿಕೊಂಡು, "ನಂಗೂ ಹೇಳದೇ ಇರೋದು ಏನಾದ್ರೂ ಐತೇನೋ?" ಎಂದರು.

ಹಿರೇಹಳ್ಳಿಯ ಮೆಕ್ಯಾನಿಕ್ ಶಾಬಾಜ್‌ಗೆ ಹೇಳಿದ್ದೇನೆ. ಗಾಡಿಯನ್ನು ಅವನಲ್ಲಿಗೆ ಎಳೆಸಿಕೊಂಡು ಹೋಗಿ. ಬಿಚ್ಚಿದ್ದನ್ನೆಲ್ಲ ಅವನು ಕೂಡಿಸಿಕೊಡುತ್ತಾನೆ. ಇನ್ನೇನನ್ನೂ ಹುಡುಕಿಸಬೇಡಿ. ಗಾಡಿ ಓಡಿದ ಮೇಲೆ ದಯವಿಟ್ಟು ಮನೆಗೆ ಬಂದು, ಹುಡುಗ ಸುಳ್ಳು ಹೇಳಿರಲಿಲ್ಲ ಎಂದು ಅಬ್ಬಾ ಅವರಿಗೆ ತಿಳಿಸಿ. ನಾನೊಬ್ಬನೇ ಹೇಳಿದರೆ ಅವರಿಗೆ ಈಗ ಸಾಲದು.

ನೀವು ಬರುವಾಗ ನಾನಿರುವುದಿಲ್ಲ. ಲಾರಿ ಕ್ಲೀನರ್ ಕೆಲಸ ಸಿಕ್ಕಿದೆ. ನಾಳೆ ಬೆಳಿಗ್ಗೆ ಹುಬ್ಬಳ್ಳಿಗೆ ಹೊರಡುತ್ತೇನೆ.

ಇಂತಿ,
ಜೀಶಾನ್